ಐದು ಲೀಟರಿನ ಹಳ್ಳ

ನನ್ನ ಕೆಲಸ ನೀರಿನಲ್ಲಿ ತಪ್ಪು ಹುಡುಕುವುದು. ಪೋರೂರಿನ ಒಂದು ಖಾಸಗಿ ಪ್ರಯೋಗಾಲಯದಲ್ಲಿ ಬಹಳ ವರ್ಷಗಳಿಂದ ಇದನ್ನೇ ಮಾಡಿಕೊಂಡು ಬಂದಿದ್ದೇನೆ. ಚೆನ್ನೈಯಲ್ಲಿ ಈ ಕೆಲಸಕ್ಕೆ ಬರಗಾಲವೆಂಬುದಿಲ್ಲ. ಬೋರ್‌ವೆಲ್ ನೀರು ಉಪ್ಪಾಯಿತೆಂದು ಫ್ಲ್ಯಾಟಿನ ಕಾರ್ಯದರ್ಶಿ ಬರುತ್ತಾನೆ, ಲಾರಿ ನೀರು ನಾರುತ್ತದೆಂದು ಹಾಸ್ಟೆಲಿನ ವಾರ್ಡನ್ ಬರುತ್ತಾಳೆ, ಕ್ಯಾನ್ ನೀರಿನಲ್ಲಿ ಪಾಚಿ ಕಂಡಿತೆಂದು ಯಾರಾದರೂ ಕೂಗಾಡುತ್ತಾ ಬರುತ್ತಾರೆ. ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಇದನ್ನು ಕುಡಿಯಬಹುದೇ, ಕೂಡದೇ? ನಾವು ಹಾಗೆಲ್ಲ ಬಾಯಿಬಿಟ್ಟು ಹೇಳುವುದಿಲ್ಲ. ಅಂಕಿಗಳನ್ನು ಬರೆದು, ಕೆಳಗೆ ‘ಈ ಫಲಿತಾಂಶ ತಂದುಕೊಟ್ಟ ಮಾದರಿಗೆ ಮಾತ್ರ ಅನ್ವಯ’ ಎಂದು ಸೇರಿಸಿ ಮೊಹರು ಒತ್ತುತ್ತೇವೆ. ಅಡ್ಡಗೋಡೆಯ ಮೇಲೆ ದೀಪ ಇಡುವುದನ್ನು ನಮ್ಮಿಂದ ಕಲಿಯಬೇಕು. ಸಾವಿರ ಸಲ ಒತ್ತಿದ ಆ ಸಾಲನ್ನು ನಾನೇ ಒಮ್ಮೆಯೂ ಸರಿಯಾಗಿ ಓದಿರಲಿಲ್ಲ.

ನಾವು ಮದರಾಸಿಗೆ ಬಂದು ನೆಲೆಸಿದ ಹಳೆಯ ವೈಷ್ಣವ ಮನೆತನದವರು. ಮನೆಯಲ್ಲಿ ಕನ್ನಡ, ಬಾಗಿಲು ದಾಟಿದರೆ ತಮಿಳು, ಸಿಟ್ಟು ಬಂದರೆ ಎರಡೂ. ಅಣ್ಣತಮ್ಮಂದಿರೆಲ್ಲ ಬ್ಯಾಂಕು, ಕಚೇರಿ ಎಂದು ಊರಲ್ಲೇ ಉಳಿದಾಗ ನಮ್ಮಪ್ಪ ಒಬ್ಬರೇ ಕಾಡಿನ ನೌಕರಿ ಹಿಡಿದು ನೀಲಗಿರಿಗೆ ಹೋದರಂತೆ. ನಿವೃತ್ತರಾಗಿ ಬಂದ ಮೇಲೆ ವೇಲಚೇರಿಯ ನಮ್ಮ ಫ್ಲ್ಯಾಟಿನಲ್ಲಿ ನನ್ನ ಜೊತೆಗೇ ಇದ್ದಾರೆ. ಈಗ ಎಂಬತ್ತು ದಾಟಿದ್ದರೂ ಮಡಿ, ಪೂಜೆ, ಪಂಚಾಂಗ ಒಂದನ್ನೂ ಬಿಟ್ಟಿಲ್ಲ. ಬಿಡದೆ ಹೇಳುವ ಇನ್ನೊಂದು ವಿಷಯವೆಂದರೆ ಅವರ ಪೈನ್ ಮರಗಳು.

“ಬರೀ ಹುಲ್ಲು ಇತ್ತು ಕಣಮ್ಮಾ ಅಲ್ಲಿ, ಒಂದು ಮರ ಇರ್ಲಿಲ್ಲ. ಸುಮ್ನೆ ಬಿದ್ದಿದ್ದ ಗುಡ್ಡ. ನಾನು ಕಾಡು ಮಾಡ್ದೆ” ಎನ್ನುತ್ತಾರೆ. ಕಾಗದಕ್ಕೆ, ಬೆಂಕಿಪೆಟ್ಟಿಗೆ ಮರ ಬೇಕೆಂದು ಆ ಕಾಲದಲ್ಲಿ ಮೇಲಿನವರು ಸೂಜಿಯೆಲೆಯ ಪೈನ್ ನೆಡಿ ಎಂದರು, ಇವರು ನೆಟ್ಟರು. ಸಾಲು ತಪ್ಪದಂತೆ ಹಗ್ಗ ಹಿಡಿದು ನೆಟ್ಟರು. ಆ ಗುಡ್ಡದ ಕೆಳಗೆ ಒಂದು ಹಳ್ಳವಿತ್ತು, ಹಳ್ಳದ ಪಕ್ಕದಲ್ಲಿ ಬೆಟ್ಟದ ಬುಡಕಟ್ಟಿನವರ ಒಂದು ಹಾಡಿ. ಅಪ್ಪನ ಕೈಕೆಳಗೆ ಕಾವಲುಗಾರನಾಗಿದ್ದವನು ಆ ಹಾಡಿಯವನೇ. ಅಪ್ಪನಿಗೆ ಆ ಹಳ್ಳದ ನೀರೆಂದರೆ ಪ್ರಾಣ. ನಿವೃತ್ತರಾಗಿ ಹೊರಡುವ ದಿನ ಅವನ ಕೈ ಹಿಡಿದು, “ಯಾರಾದ್ರೂ ಮದರಾಸಿಗೆ ಬಂದ್ರೆ ಒಂದು ಕ್ಯಾನು ನೀರು ಕಳಿಸಪ್ಪಾ” ಎಂದಿದ್ದರಂತೆ. ಅವನು ಬದುಕಿರುವವರೆಗೂ ಕಳಿಸಿದ. ಅವನು ಹೋದ ಮೇಲೆ ಅವನ ಮಗಳು ಕಳಿಸುತ್ತಿದ್ದಳು. ಅವಳ ಗಂಡನಿಗೆ ಹೃದಯದ ತೊಂದರೆ ಶುರುವಾಗಿ ವರ್ಷಕ್ಕೆರಡು ಸಲ ಪೋರೂರಿನ ದೊಡ್ಡ ಆಸ್ಪತ್ರೆಗೆ ಬರಬೇಕಾದ ಮೇಲೆ ತಾನೇ ತರತೊಡಗಿದಳು. ಐದು ಲೀಟರಿನ ಬಿಳಿ ಪ್ಲಾಸ್ಟಿಕ್ ಕ್ಯಾನು, ಮುಚ್ಚಳಕ್ಕೆ ಬಟ್ಟೆ ಸುತ್ತಿ. ರೈಲಿನಲ್ಲಿ ಮಡಿಲಲ್ಲೇ ಇಟ್ಟುಕೊಂಡು ಬರುತ್ತಿದ್ದಳೇನೋ, ಒಂದು ಹನಿ ಚೆಲ್ಲಿದ್ದನ್ನು ನಾನು ಕಾಣೆ.

ಒಂದು ಕಾರ್ತಿಕ ಮಾಸದಲ್ಲಿ, ನಮ್ಮ ಬೀದಿಯಲ್ಲಿ ಪಾದ ಮುಳುಗುವಷ್ಟು ನೀರು ನಿಂತಿದ್ದಾಗ, ಅವಳು ಸೀರೆ ಎತ್ತಿ ಹಿಡಿದು ಕ್ಯಾನು ತಂದಳು. ಅಂದು ಶನಿವಾರ. ಅಡುಗೆಮನೆಯಲ್ಲಿ ಒಂದು ಲೋಟಕ್ಕೆ ಬಗ್ಗಿಸಿ ನೋಡಿದರೆ ನೀರು ಕಂದುಬಣ್ಣ. ನನ್ನ ಮಗಳು ಇಣುಕಿ ನೋಡಿ, “ತಾತಾ, ಇದು ಟೀಯಾ?” ಎಂದು ತಮಿಳಿನಲ್ಲಿ ಕೇಳಿದಳು. ಅಪ್ಪನಿಗೆ ಕೋಪ ಬಂತು.

“ಮಳೆಗಾಲ. ಹೊಸ ನೀರು. ಹಂಗೇ ಇರುತ್ತೆ” ಎಂದು ಪೂಜೆಯ ಕೋಣೆಗೆ ಹೋದರು.

ಅವರು ಹೋದ ಮೇಲೆ ಕಾವಲುಗಾರನ ಮಗಳು ನನ್ನ ಹತ್ತಿರ ಕುಳಿತು ಮೆಲ್ಲಗೆ ಹೇಳಿದಳು. ಅವಳ ಬೆಟ್ಟದ ಮಾತು ನಮ್ಮ ಕನ್ನಡಕ್ಕೆ ದೊಡ್ಡಮ್ಮನ ಮಗಳಿದ್ದಂತೆ. ಅರ್ಧ ಹಾಗೇ ತಿಳಿಯುತ್ತದೆ, ಉಳಿದರ್ಧವನ್ನು ಅವಳು ತಮಿಳಿನಲ್ಲಿ ತುಂಬುತ್ತಾಳೆ. ನಾನು ಅದನ್ನು ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ.

“ಅಕ್ಕಾ, ಅಯ್ಯನ ಎದುರಿಗೆ ಹೇಳೋಕಾಗಲ್ಲ. ಮೇಲಿನ ಪೈನ್ ಎಲ್ಲ ಕಡೀತಿದಾರೆ. ಮರ ಎಳೆದ ಜಾಗದಲ್ಲಿ ಮಣ್ಣು ಬಿಚ್ಚಿಕೊಂಡಿದೆ. ಮಳೆ ಬಂದ್ರೆ ಹಳ್ಳ ಹಿಂಗೇ. ಕಡಿಯೋಕೆ ಮುಂಚೆ ಚೆನ್ನಾಗಿತ್ತು ಅಂತಲ್ಲ. ಅದರ ಸೂಜಿ ಬಿದ್ದು ಬಿದ್ದು ಕೆಳಗೆ ಒಂದು ಹುಲ್ಲೂ ಹುಟ್ಟಲ್ಲ. ನಮ್ಮಮ್ಮ ಯಾವತ್ತೋ ಹೇಳ್ತಿದ್ಲು, ಈ ಮರ ಬಂದ ಮೇಲೆ ನೀರಿನ ರುಚಿ ಹೋಯ್ತು ಅಂತ. ಅಪ್ಪ ಬಾಯಿ ಮುಚ್ಚಿಸ್ತಿದ್ದ.”

ಪಕ್ಕದ ಗುಡ್ಡದಲ್ಲಿ ಪೈನ್ ಇಲ್ಲದ ಜಾಗದಲ್ಲಿ ಒಂದು ಊಟೆ, ನೆಲದಿಂದ ಉಕ್ಕುವ ಒರತೆ, ಇದೆಯಂತೆ. ಅಲ್ಲಿಂದ ಹಾಡಿಗೆ ಪೈಪು ಹಾಕಿಕೊಡಿ ಎಂದು ತಾಲ್ಲೂಕು ಕಚೇರಿಗೆ ಅಲೆದಿದ್ದಾಳೆ. ಹಳ್ಳದ ನೀರು ಕೆಟ್ಟಿದೆ ಎನ್ನುವುದಕ್ಕೆ ಪುರಾವೆ ಏನು ಎಂದು ಕೇಳಿದರಂತೆ. ಹಾಡಿಯಲ್ಲಿ ಇಪ್ಪತ್ತು ಮನೆ, ಎಲ್ಲರೂ ಕುಡಿಯುವುದು ಆ ಹಳ್ಳದ್ದೇ.

“ನೀವು ನೀರು ನೋಡೋರು. ಒಂದು ಕಾಗದ ಬರ್ಕೊಡಿ ಅಕ್ಕಾ, ಮೊಹರು ಹಾಕಿ. ಮದರಾಸಿನ ಕಾಗದ ಅಂದ್ರೆ ಅವರು ಕೇಳ್ತಾರೆ.”

ಬರೆದುಕೊಡುತ್ತೇನೆ ಎಂದೆ. ಹಾಗೆನ್ನುವಾಗ ನನಗೆ ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ. ಇಷ್ಟು ವರ್ಷ ಫ್ಲ್ಯಾಟಿನವರ ಜಗಳ ಬಿಡಿಸಿದ್ದೇ ಆಯಿತು, ಒಂದು ಸಲವಾದರೂ ಉಪಯೋಗಕ್ಕೆ ಬರೋಣ ಎನಿಸಿತು. ಸ್ವಚ್ಛ ಮಾಡಿದ ಮಾದರಿ ಬಾಟಲಿಗಳಿದ್ದದ್ದು ಪ್ರಯೋಗಾಲಯದಲ್ಲಿ. ಸೋಮವಾರ ಬಾಟಲಿ ತಂದು ತುಂಬಿಕೊಂಡು ಹೋದರಾಯಿತೆಂದು ಕ್ಯಾನನ್ನು ಅಡುಗೆಮನೆಯ ಮೂಲೆಯಲ್ಲೇ ಬಿಟ್ಟೆ. ಯಾರಿಗೂ ಏನೂ ಹೇಳಲಿಲ್ಲ. ಅಪ್ಪನಿಗಂತೂ ಹೇಳುವುದು ಹೇಗೆ? ನಿಮ್ಮ ಮರಗಳ ಮೇಲೆ ದೂರು ಬಂದಿದೆ, ನಿಮ್ಮ ಮಗಳೇ ವಿಚಾರಣೆ ಮಾಡುತ್ತಾಳೆ ಎನ್ನಲೇ? ಅವಳು ಭಾನುವಾರದ ರೈಲಿಗೆ ಗಂಡನನ್ನು ಕರೆದುಕೊಂಡು ಹೊರಟುಹೋದಳು.

ಸೋಮವಾರ ಸಂಜೆ ಬಾಟಲಿ ತಂದು ನೋಡಿದರೆ ಕ್ಯಾನಿನ ನೀರು ತಿಳಿಯಾಗಿತ್ತು. ತಳದಲ್ಲಿ ಕಂದು ಗಸಿ. ಎರಡು ದಿನ ಅಲುಗಾಡದೆ ನಿಂತಿದೆ, ಕೊಳೆ ತಳಕ್ಕೆ ತಂಗಿದೆ ಎಂದುಕೊಂಡೆ. ಕೆಸರು ತಂಗುತ್ತದೆ, ನಿಜ. ಆದರೆ ಎಲೆ ಕೊಳೆತು ಬಂದ ಕಂದುಬಣ್ಣ ತಾನಾಗಿ ತಂಗುವುದಿಲ್ಲ, ತಿಂಗಳುಗಟ್ಟಲೆ ಇಟ್ಟರೂ ಹಾಗೇ ಇರುತ್ತದೆ. ಇದು ಪ್ರಯೋಗಾಲಯಕ್ಕೆ ಹೊಸದಾಗಿ ಸೇರಿದವರಿಗೂ ಗೊತ್ತಿರುವ ಸಂಗತಿ. ನನಗೆ ಆ ಹೊತ್ತಿಗೆ ಹೊಳೆಯಲಿಲ್ಲ. ಬಾಟಲಿ ತುಂಬಿದೆ.

ಫಲಿತಾಂಶ ನೋಡಿ ನಾನು ಕುರ್ಚಿಯಿಂದ ಎದ್ದೆ. ನೀರು ಹುಳಿಯಾಗಿತ್ತು, ಅಂದರೆ ಆಮ್ಲ. ಅಲ್ಯುಮಿನಿಯಂ ಇರಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು. ಪೈನಿನಂಥ ಸೂಜಿಯೆಲೆ ಮರಗಳ ತೋಪಿನ ಕೆಳಗೆ ಮಣ್ಣು ಹುಳಿಯಾಗುತ್ತದೆ, ಹುಳಿಯಾದ ಮಣ್ಣು ತನ್ನೊಳಗಿನ ಅಲ್ಯುಮಿನಿಯಮ್ಮನ್ನು ನೀರಿಗೆ ಬಿಟ್ಟುಕೊಡುತ್ತದೆ ಎಂದು ಎಂದೋ ಓದಿದ್ದೆ. ಓದಿದ್ದು ಓದಿದ ಹಾಗೇ ಕಣ್ಣೆದುರು ಬಂದು ನಿಂತರೆ ಯಾರು ತಾನೇ ಅನುಮಾನಿಸುತ್ತಾರೆ? ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ, ನಾನು ಕಟ್ಟಿಯೇಬಿಟ್ಟೆ. ಸಲ್ಫೇಟ್ ಒಂದನ್ನು ಪರೀಕ್ಷಿಸಿದ್ದರೆ ಗುಟ್ಟು ಬಯಲಾಗುತ್ತಿತ್ತು. ಪುಕ್ಕಟೆ ಮಾಡಿಕೊಡುತ್ತಿದ್ದ ಪರೀಕ್ಷೆ, ನನಗೆ ಬೇಕಾದ್ದನ್ನು ಮಾತ್ರ ನೋಡಿದೆ. ಅದೂ ಸಾಲದೆಂದು, ಎಂದೂ ಬರೆಯದವಳು ವರದಿಯ ಕೆಳಗೆ ಒಂದು ಷರಾ ಬೇರೆ ಬರೆದೆ: ‘ಮೇಲ್ಭಾಗದ ಪೈನ್ ನೆಡುತೋಪು ಹಾಗೂ ಕಡಿತದ ಪರಿಣಾಮವಿರಬಹುದು.’ ನಮ್ಮ ಮುಖ್ಯಸ್ಥರು ನನ್ನ ಮೇಲಿನ ವಿಶ್ವಾಸದಿಂದ ಸಹಿ ಹಾಕಿದರು. ಅಪ್ಪನಿಗೆ ತಿಳಿಯದಂತೆ ಅದನ್ನು ಅವಳ ಹೆಸರಿಗೆ ಅಂಚೆಗೆ ಹಾಕಿದೆ.

ಬೆಟ್ಟದಲ್ಲಿ ಚಳಿ ಕಳೆದು, ಮಳೆಯಿಲ್ಲದ ದಿನಗಳು ಬಂದಾಗ, ಅವಳು ಒಪ್ಪಿಸಿದ ಆ ವರದಿ ನೋಡಿ ಕಚೇರಿಯವರು ತಾವೇ ಹೋಗಿ ಹಳ್ಳದ ನೀರು ತೆಗೆದುಕೊಂಡರು. ಒಣಗಾಲದಲ್ಲಿ ಹಳ್ಳ ಸಣ್ಣಗೆ, ತಿಳಿಯಾಗಿ ಹರಿಯುತ್ತದೆ. ಅವರ ಪರೀಕ್ಷೆಯಲ್ಲಿ ಅಲ್ಯುಮಿನಿಯಂ ಲೆಕ್ಕಕ್ಕೆ ಬರುವಷ್ಟೂ ಇರಲಿಲ್ಲ. ಅವಳು ಫೋನ್ ಮಾಡಿದಳು.

“ನಕ್ಕರು ಅಕ್ಕಾ. ಮದರಾಸಿನಲ್ಲಿ ಯಾವ ನೀರು ನೋಡಿ ಬರೆದ್ರೋ ಅಂತ ನಕ್ಕರು. ಮಳೇಲಿ ಬಂದು ನೋಡಿ ಅಂದೆ. ಮಳೇಲಿ ಗಾಡಿ ಬರಲ್ಲ ಅಂದರು.”

ಮಳೆಯಲ್ಲಿ ತೆಗೆದದ್ದಕ್ಕೂ ಬೇಸಿಗೆಯಲ್ಲಿ ತೆಗೆದದ್ದಕ್ಕೂ ಅಜಗಜಾಂತರ, ಅವರದೇ ತಪ್ಪು ಎಂದು ನಾನು ಸಮಾಧಾನ ಹೇಳಿದೆ. ಎಷ್ಟು ಧೈರ್ಯವಾಗಿ ಹೇಳಿದೆ ಎಂದು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಆಷಾಢದಲ್ಲಿ ಅವಳು ಮತ್ತೆ ಬಂದಳು. ಕ್ಯಾನು ಕೊಟ್ಟು, ಆಸ್ಪತ್ರೆಯ ಚೀಟಿಗೆ ಹೊತ್ತಾಯಿತೆಂದು ಹಾಗೇ ಓಡಿದಳು. ನೀರು ಕಳೆದ ಸಲಕ್ಕಿಂತ ಕಪ್ಪು. ಈ ಸಲ ಬುದ್ಧಿ ಬಂದು ನಾನು ಬಾಟಲಿಗಳನ್ನು ಮನೆಯಲ್ಲೇ ಇಟ್ಟುಕೊಂಡಿದ್ದೆ. ಅವನ್ನು ತರಲು ಕೋಣೆಗೆ ಹೋದವಳು ನೆಂಟರೊಬ್ಬರ ಫೋನಿಗೆ ಸಿಕ್ಕಿಕೊಂಡು ಐದು ನಿಮಿಷ ತಡಮಾಡಿದೆ. ತಿರುಗಿ ಬಂದಾಗ ಅಪ್ಪ ನೆಲದ ಮೇಲೆ ಮಣೆ ಹಾಕಿಕೊಂಡು ಕುಳಿತಿದ್ದರು. ಕ್ಯಾನಿನ ನೀರನ್ನೆಲ್ಲ ಹಿತ್ತಾಳೆಯ ಕೊಳಗಕ್ಕೆ ಸುರಿದಿದ್ದರು. ಬಲಗೈಯಲ್ಲಿ ಕಲ್ಲುಸಕ್ಕರೆಯಂಥ ಒಂದು ಗಟ್ಟಿ. ಅದನ್ನು ನೀರೊಳಗೆ ಮುಳುಗಿಸಿ, ಎಣಿಸುತ್ತಾ, ಸುತ್ತ ತಿರುಗಿಸುತ್ತಿದ್ದರು.

ಪಟಿಕ. ತಮಿಳಿನವರು ಪಡಿಕಾರ ಎನ್ನುವುದು. ನಮ್ಮಜ್ಜಿಯೂ ಮಳೆಗಾಲದಲ್ಲಿ ಕೊಳಾಯಿ ನೀರು ಕೆಂಪಗೆ ಬಂದರೆ ಹೀಗೆಯೇ ಕೊಳಗದಲ್ಲಿ ಪಟಿಕ ತಿರುಗಿಸಿ ಬಿಡುತ್ತಿದ್ದಳು. ಹಳೆಯ ಮದರಾಸಿನ ಎಷ್ಟೋ ಮನೆಗಳಲ್ಲಿ ಅದು ನಡೆಯುತ್ತಿತ್ತು. ರಾತ್ರಿ ಬೆಳಗಾಗುವುದರೊಳಗೆ ಕೊಳೆಯೆಲ್ಲ ತಳಕ್ಕೆ. ಆ ಪಟಿಕವೆಂದರೆ ಬೇರೇನಲ್ಲ, ಅಲ್ಯುಮಿನಿಯಂ ಮತ್ತು ಸಲ್ಫೇಟ್ ಕೂಡಿದ ಉಪ್ಪು. ನೀರನ್ನು ಹುಳಿ ಮಾಡುತ್ತದೆ, ಹೆಚ್ಚು ತಿರುಗಿಸಿದರೆ ತನ್ನ ಅಲ್ಯುಮಿನಿಯಮ್ಮನ್ನು ಅದರಲ್ಲೇ ಬಿಡುತ್ತದೆ.

“ಅಪ್ಪಾ, ಏನ್ ಮಾಡ್ತಿದೀರಿ?”

“ಇರಮ್ಮಾ, ಎಣಿಕೆ ತಪ್ಪುತ್ತೆ” ಎಂದು ಇನ್ನೂ ನಾಲ್ಕು ಸುತ್ತು ತಿರುಗಿಸಿ, ಗಟ್ಟಿಯನ್ನು ತೆಗೆದು ಒರೆಸಿದರು. “ಕಲಕು ನೀರನ್ನ ಸಾಲಿಗ್ರಾಮಕ್ಕೆ ಹಾಕ್ತಾರೇನೇ? ನಾಟಿ ಔಷಧಿ ಅಂಗಡಿಯಿಂದ ತರಿಸಿಟ್ಟಿದೀನಿ, ಟಿ. ನಗರದ್ದು, ಒಳ್ಳೇ ಮಾಲು.”

“ಹೋದ ಸಲಾನೂ ಹಾಕಿದ್ರಾ?”

“ಹಾಕ್ದೆ. ಎರಡು ಸಲ ಹಾಕಿ ಮತ್ತೆ ಕ್ಯಾನಿಗೇ ತುಂಬಿಟ್ಟೆ. ಅಷ್ಟು ಕೊಳೆ ಇತ್ತು. ಆಮೇಲೆ ನೋಡಿದ್ಯಲ್ಲ, ಕನ್ನಡಿ ಹಂಗಾಯ್ತು.”

ನಾನು ಬಾಟಲಿ ಹಿಡಿದುಕೊಂಡೇ ನೆಲದ ಮೇಲೆ ಕುಳಿತೆ. ಇಪ್ಪತ್ತು ಮನೆಗಳ ಪುರಾವೆಯೆಂದು ನಾನು ಮೊಹರು ಒತ್ತಿದ್ದು ನಮ್ಮಪ್ಪನ ಪಟಿಕಕ್ಕೆ. ಬೈಯೋಣವೆಂದರೆ ಯಾರನ್ನು ಬೈಯಲಿ? ಅವರನ್ನು ಯಾರೂ ಮುಟ್ಟಬೇಡಿ ಎಂದಿರಲಿಲ್ಲ. ಅವರು ಮಾಡಿದ್ದು ದೇವರಿಗಾಗಿ, ಅವರ ಹಳ್ಳದ ಮರ್ಯಾದೆಗಾಗಿ. ತಪ್ಪು ನನ್ನದು, ನನ್ನದೊಂದೇ.

ಆ ದಿನ ಎಲ್ಲವನ್ನೂ ಹೇಳಿಬಿಟ್ಟೆ. ಕಡಿತ, ಹಾಡಿ, ಪೈಪು, ವರದಿ. ಅಪ್ಪ ಗೋಡೆಗೆ ಒರಗಿ ಕೇಳಿದರು.

“ನನ್ನ ಮರದ ಮೇಲೆ ಬರೆದ್ಯಾ?” ಎಂದರು.

“ಬರೆದೆ.”

“ಪಟಿಕ ನಂದು. ಮರದ್ದು ಏನಿದೆ ಅದ್ರಲ್ಲಿ?”

“ಆ ಅಂಕಿಗಳಲ್ಲಿ ಏನಿದೆಯೋ ಗೊತ್ತಿಲ್ಲಪ್ಪಾ. ಆದರೆ ನೀರು ಬಂದಾಗಲೇ ಕಂದಾಗಿತ್ತಲ್ಲ. ಆಗಿನ್ನೂ ನೀವು ಏನೂ ಹಾಕಿರಲಿಲ್ಲ.”

ಅವರು ಪಟಿಕದ ಗಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿಟ್ಟರು. ಆಮೇಲೆ, “ಹುಲ್ಲು ಇದ್ದಾಗ ನೀರು ಹಿಂಗೆ ಬರ್ತಿರ್ಲಿಲ್ಲ” ಎಂದರು, ಯಾರಿಗೋ ಸಾಕ್ಷಿ ಹೇಳುವವರ ದನಿಯಲ್ಲಿ. ಅಷ್ಟು ವರ್ಷದಲ್ಲಿ ಆ ಮಾತು ಅವರ ಬಾಯಿಂದ ಬಂದದ್ದು ಅದೇ ಮೊದಲು. ನನಗೆ ಗೆದ್ದೆನೆನಿಸಲಿಲ್ಲ. ಮುದುಕರನ್ನು ಅಳಿಸಿಬಿಟ್ಟೆನೇನೋ ಎಂದು ಅವರ ಮುಖವನ್ನೇ ನೋಡುತ್ತಿದ್ದೆ.

ಮಾರನೆಯ ದಿನ ಆಸ್ಪತ್ರೆಗೇ ಹೋಗಿ ಅವಳಿಗೆ ಆದದ್ದನ್ನು ಹೇಳಿ, ಹಳ್ಳದಲ್ಲೇ ನೇರವಾಗಿ ತುಂಬಿ ಕಳಿಸಲು ಖಾಲಿ ಬಾಟಲಿಗಳನ್ನು ಕೊಟ್ಟೆ. ಅವಳು ಸಿಟ್ಟಾಗಿದ್ದರೆ ಚೆನ್ನಾಗಿತ್ತು. “ಅಯ್ಯ ದೇವರಿಗೆ ತಾನೇ ಹಾಕಿದ್ದು, ಬಿಡಿ ಅಕ್ಕಾ” ಎಂದುಬಿಟ್ಟಳು. ಬಾಟಲಿಗಳು ಬಂದದ್ದು ತಡವಾಗಿ. ಮಳೆಗೆ ಘಾಟಿ ರಸ್ತೆ ಕುಸಿದಿತ್ತಂತೆ, ಪಾರ್ಸೆಲ್ ಎಲ್ಲೆಲ್ಲೋ ಬಿದ್ದು ಬಿಸಿಲಲ್ಲಿ ಬೆಂದು ಬಂತು. ಅಷ್ಟು ಹಳಸಿದ ಮಾದರಿಯ ಮೇಲೆ ಬರೆಯಲಾಗದೆಂದು ಮುಖ್ಯಸ್ಥರು ಖಡಾಖಂಡಿತವಾಗಿ ಹೇಳಿದರು. ಹೇಳಿದ್ದು ನ್ಯಾಯವೇ. ಅದೇ ಜಾಗದ ವಿಷಯದಲ್ಲಿ ಒಮ್ಮೆ ಮುಖ ಸುಟ್ಟುಕೊಂಡದ್ದಾಗಿದೆ, ಇನ್ನು ಅದರ ತಂಟೆ ಬೇಡ ಎಂದೂ ಹೇಳಿದರು. ನಾನೇ ಹೋಗಿ ನೀರು ತರುತ್ತೇನೆ ಎಂದೆ. ನೀವು ತಂದರೆ ಸಹಿ ನಾನು ಹಾಕುವುದಿಲ್ಲ ಎಂದರು. ಬೇರೆ ಎರಡು ಕಡೆ ವಿಚಾರಿಸಿದೆ. ಸಂಗತಿ ಪೂರ್ತಿ ಕೇಳಿದ ಮೇಲೆ ಅವರೂ ಹಿಂದೆ ಸರಿದರು.

ಕೊನೆಗೆ ನನ್ನಿಂದ ಆಗುವುದು ಇದೊಂದೇ ಎಂದು ಕಚೇರಿಗೆ ನಿಜ ಬರೆದೆ. ನಮ್ಮ ಮಾದರಿಯಲ್ಲಿ ಪಟಿಕ ಬೆರೆತಿತ್ತು, ಆ ಅಂಕಿಗಳನ್ನು ಕೈಬಿಡಿ, ಆದರೆ ಮಳೆಗಾಲದಲ್ಲಿ ಆ ಹಳ್ಳ ಕೆಡುವುದು ನಿಜ, ದಯವಿಟ್ಟು ಮಳೆ ಬೀಳುವಾಗ ಇನ್ನೊಮ್ಮೆ ನೋಡಿ ಎಂದು. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದರೆ ಹುಳಿಯಾದರೂ ಸ್ವಲ್ಪ ಹೊತ್ತು ಉಳಿದೀತು. ಅವರು ನನ್ನ ಪತ್ರದ ಮೊದಲರ್ಧವನ್ನಷ್ಟೇ ಓದಿದರು. ಹಾಡಿಯವರ ಅರ್ಜಿ ಮುಕ್ತಾಯವಾಯಿತು. ಕಾರಣ: ಪರೀಕ್ಷೆ ಮಾಡಿದವರೇ ತಪ್ಪೊಪ್ಪಿಕೊಂಡಿದ್ದಾರೆ. ಪೈಪು ಬರಲಿಲ್ಲ. ಮೇಲೆ ಉಳಿದಿದ್ದ ಪೈನನ್ನೂ ಕಡಿಯುತ್ತಿದ್ದಾರೆಂದು ಅವಳೇ ಹೇಳಿದಳು.

ಹೋದ ತಿಂಗಳು ಅವಳ ಫೋನ್ ಬಂತು. ದನಿಯಲ್ಲಿ ಗೆಲುವಿತ್ತು.

“ಅಕ್ಕಾ, ಅಯ್ಯನಿಗೆ ಹೇಳಿ, ನೀರು ತಿಳಿಯಾಗ್ತಿದೆ.”

“ಯಾವ ನೀರು?”

“ನಮ್ಮ ಹಳ್ಳದ್ದೇ. ಅಯ್ಯ ಫೋನ್ ಮಾಡಿ ಹೇಳಿದ್ರಲ್ಲ, ಒಂದು ಕೊಡ ನೀರಿಗೆ ಎಷ್ಟು ಸುತ್ತು ತಿರುಗಿಸಬೇಕು ಅಂತ. ಪಾರ್ಸೆಲಲ್ಲಿ ಪಡಿಕಾರಾನೂ ಕಳಿಸಿದ್ರು. ಈಗ ಇಪ್ಪತ್ತು ಮನೆಯಲ್ಲೂ ಅದೇ. ಮಕ್ಕಳು ಮುಖ ಸಿಂಡರಿಸದೆ ಕುಡೀತಿದಾರೆ. ಸ್ವಲ್ಪ ಹುಳಿ ಅಂತಾರೆ, ಅಷ್ಟೇ.”

ಅಪ್ಪ ಆಚೆ ಕೋಣೆಯಲ್ಲಿ ಮಲಗಿದ್ದರು. ನನಗೆ ಗೊತ್ತಿಲ್ಲದಂತೆ ತಮ್ಮ ಪ್ರಾಯಶ್ಚಿತ್ತ ಮಾಡಿಕೊಂಡಿದ್ದರು. ಗಡಸಿಲ್ಲದ ಬೆಟ್ಟದ ನೀರಿಗೆ ಅಳತೆಯಿಲ್ಲದೆ ಪಟಿಕ ಹಾಕಿದರೆ ಅಲ್ಯುಮಿನಿಯಂ ನೀರಿನಲ್ಲೇ ಉಳಿಯುತ್ತದೆ. ನನ್ನ ಸುಳ್ಳು ವರದಿಯಲ್ಲಿದ್ದ ನೀರನ್ನೇ ಆ ಮಕ್ಕಳು ಈಗ ನಿಜವಾಗಿ ಕುಡಿಯುತ್ತಿದ್ದರು.

“ಬೇಡ” ಎಂದೆ. “ಅದನ್ನ ಹಾಕಬೇಡ. ಅಷ್ಟಷ್ಟು ಹಾಕಿದ್ರೆ ಒಳ್ಳೇದಲ್ಲ. ಎಲ್ಲರಿಗೂ ಹೇಳು.”

ಅವಳ ಹಿಂದೆ ಯಾವುದೋ ಮಗು ಕೂಗುತ್ತಿತ್ತು, ಮಳೆಯ ಸದ್ದಿತ್ತು.

“ಹಾಗಾದ್ರೆ ಏನು ಕುಡಿಯೋದು ಅಕ್ಕಾ?”

ನಾನು ನೀರು ಓದಿದವಳು. ಆ ಹಾಡಿಗೆ ಕ್ಯಾನ್ ನೀರಿನ ಗಾಡಿ ಹೋಗುವುದಿಲ್ಲ, ಶುದ್ಧೀಕರಣದ ಯಂತ್ರ ಕೊಂಡರೂ ನಡೆಸಲು ಅಲ್ಲಿ ನಂಬುವಂಥ ಕರೆಂಟಿಲ್ಲ, ಊಟೆಗೆ ಪೈಪಿಲ್ಲ. ಪೈಪು ಇಲ್ಲದ್ದು ನನ್ನಿಂದ.

“ಕುದಿಸಿ ಕುಡೀರಿ” ಎಂದೆ.

ಕುದಿಸಿದರೆ ಆ ನೀರಿನ ಬಣ್ಣವೂ ಹೋಗುವುದಿಲ್ಲ, ಮಣ್ಣೂ ಹೋಗುವುದಿಲ್ಲ, ಹುಳಿಯೂ ಹೋಗುವುದಿಲ್ಲ. ಅದು ನನಗೆ ಗೊತ್ತಿತ್ತು.

“ಸರಿ ಅಕ್ಕಾ” ಎಂದಳು. “ನೀವು ಹೇಳಿದ ಮೇಲೆ ಆಯ್ತು. ಈಗಲೇ ಹೋಗಿ ಎಲ್ಲರಿಗೂ ಹೇಳ್ತೀನಿ.”